ಸೂರ್ಯ ಮುಳುಗುವ ಮುಂಚೆ ಕೂಲಿ: ಮುಂಬೈ ಪೇಂಟಿಂಗ್ ಧಂದೆಯಲ್ಲಿ ನನ್ನ ಅನುಭವ

ದಿನಗೂಲಿಯನ್ನು ಆ ದಿನವೇ ಪೂರ್ತಿ ಕೊಟ್ಟು ಮುಂಬೈಯಲ್ಲಿ ಪೇಂಟಿಂಗ್ ಕಂತ್ರಾಟು ನಡೆಸಲು ಆಗುವುದಿಲ್ಲ ಅಂತ ನನಗೆ ಹೇಳದವರಿಲ್ಲ. ಅಕ್ಕನ ಗಂಡ ಹೇಳಿದರು, ಅವರೂ ಇದೇ ಧಂದೆಯವರು. ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಹೇಳಿದರು. ಬೆಳಿಗ್ಗೆ ಕೂಲಿ ಕೆಲಸಕ್ಕಾಗಿ ನಾಕಾದಲ್ಲಿ, ಅಂದರೆ ಚೌಕದಲ್ಲಿ, ನಿಲ್ಲುವ ಹುಡುಗರೇ ಹೇಳಿದರು. ಈಗ ಹತ್ತು ವರ್ಷದ ಮೇಲಾಯಿತು, ನಡೆಯುತ್ತಿದೆ. ಚೆನ್ನಾಗಿಯೇ ನಡೆಯುತ್ತಿದೆ. ಬೀದರ್, ಕಲಬುರಗಿ ಕಡೆಯ ನಮ್ಮ ವಿಶ್ವಾಸಿಗಳು ಕೆಲವರು ಇಲ್ಲಿ ಸಣ್ಣಪುಟ್ಟ ಕಂತ್ರಾಟು ಹಿಡಿಯುತ್ತಾರೆ. ಹೇಗೆ ನಿಲ್ಲಿಸಿದಿರಿ ಅಂತ ಅವರು ಕೇಳುತ್ತಿರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಹೊಸಬರಿಗೆ ಎರಡು ಮಾತು: ಹಾಜರಿ ಅಂದರೆ ಕೆಲಸಕ್ಕೆ ಬಂದ ದಿನದ ಲೆಕ್ಕ, ಉಚಲ್ ಅಂದರೆ ಆಳು ಕೂಲಿಯ ಮೇಲೆ ಮೊದಲೇ ತಗೊಳ್ಳುವ ಮುಂಗಡ.

ನಾನು ಸತ್ಯವೇದವನ್ನು, ಅಂದರೆ ಬೈಬಲನ್ನು, ದಿನಕ್ಕೆ ಇಷ್ಟು ಅಧ್ಯಾಯ ಅಂತ ಓದುವವನಲ್ಲ. ನನ್ನ ಕೈಯಲ್ಲಿ ಮಾಡಲಾಗುವ ಒಂದು ಆಜ್ಞೆ ಸಿಗುವ ತನಕ ಓದುತ್ತೇನೆ. ಸಿಕ್ಕಲ್ಲಿ ನಿಲ್ಲುತ್ತೇನೆ. ಅದನ್ನು ಮಾಡದೆ ಪುಟ ತಿರುವುವುದಿಲ್ಲ. ಹೀಗೆ ಓದುತ್ತಾ 2015ರ ಸುಮಾರಿಗೆ ಧರ್ಮೋಪದೇಶಕಾಂಡ 24ಕ್ಕೆ ಬಂದೆ. 14, 15ನೇ ವಚನ. ಬಡ ಕೂಲಿಯವನು ನಿಮ್ಮವನಾಗಲಿ ಪರದೇಶದವನಾಗಲಿ, ಅವನ ಕೂಲಿಯನ್ನು ಆಯಾ ದಿನವೇ, ಹೊತ್ತು ಮುಳುಗುವುದರೊಳಗೆ ಕೊಡಬೇಕು. ಅವನು ಬಡವ, ಅದರ ಮೇಲೇ ಮನಸ್ಸಿಟ್ಟಿರುತ್ತಾನೆ. ಕೊಡದೆ ಹೋದರೆ ಅವನು ದೇವರಿಗೆ ಮೊರೆಯಿಡುತ್ತಾನೆ, ಪಾಪ ನಿಮ್ಮ ತಲೆಗೆ ಬರುತ್ತದೆ. ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಆ ಪುಟದಲ್ಲೇ ನಾನು ತಿಂಗಳುಗಟ್ಟಲೆ ನಿಂತೆ.

ನಮ್ಮ ಧಂದೆ ನಡೆಯುವುದು ಉಲ್ಟಾ. ವಾರಕ್ಕೊಮ್ಮೆ ಹೊಟ್ಟೆಗಾಗುವಷ್ಟು ಖರ್ಚಿ ಕೊಡುತ್ತಾರೆ. ಉಳಿದ ಹಿಸಾಬ್, ಅಂದರೆ ಬಾಕಿ ಕೂಲಿ, ಊರಿಗೆ ಹೋಗುವಾಗ. ಆಳು ಓಡಿಹೋಗದಂತೆ ಅವನ ಹಣವನ್ನೇ ಹಗ್ಗ ಮಾಡಿಟ್ಟುಕೊಳ್ಳುವುದು. ಎಲ್ಲರೂ ಮಾಡುತ್ತಾರೆ, ಯಾರಿಗೂ ತಪ್ಪು ಅನಿಸುವುದಿಲ್ಲ.

"ಖರ್ಚಿ ಕೊಟ್ಟು ಹಿಸಾಬ್ ಹಿಡೀಲಿಲ್ಲಂದ್ರ ನಾಳಿ ನಿನ್ನ ಹತ್ರ ಒಬ್ಬನೂ ನಿಂದ್ರಂಗಿಲ್ಲ ನೋಡು" ಅಂದರು ಭಾವ. ಹಿರಿಯರು ಬೇರೆ ಮಾತು ಹೇಳಿದರು. ಅದು ಹಳೇ ಒಡಂಬಡಿಕೆ, ಯೇಸುವಿಗಿಂತ ಮುಂಚಿನ ನಿಯಮ, ನಾವು ಈಗ ಕೃಪೆಯ ಕೆಳಗಿದ್ದೇವೆ ಅಲ್ವಾ ಅಂದರು. ಅಯ್ಯಾ, ನಾನು ಇದನ್ನು ರಕ್ಷಣೆ ಸಂಪಾದಿಸಲು ಮಾಡುತ್ತಿಲ್ಲ, ರಕ್ಷಣೆ ಸಿಕ್ಕಿದವನು ಹೇಗೆ ಬದುಕಬೇಕು ಅಂತ ಮಾಡುತ್ತಿದ್ದೇನೆ ಅಂದೆ. ಯಾಕೋಬನ ಪತ್ರಿಕೆ 5:4 ತೆಗೆದು ತೋರಿಸಿದೆ. ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಅಂತ ಹೊಸ ಒಡಂಬಡಿಕೆಯಲ್ಲೇ ಇದೆ. ಮತ್ತಾಯ 20ರಲ್ಲಿ ಯೇಸು ಹೇಳಿದ ದ್ರಾಕ್ಷಿತೋಟದ ಸಾಮ್ಯದ ಕಥೆಯನ್ನು ನೋಡಿ. ಅಲ್ಲೂ ಕೆಲಸಕ್ಕೆ ಕರೆಯುವವರಿಲ್ಲದೆ ಪೇಟೆಯಲ್ಲಿ ನಿಂತವರಿದ್ದಾರೆ, ನಮ್ಮ ನಾಕಾದ ಹಾಗೇ. ಸಂಜೆಯಾಗುತ್ತಲೇ ಯಜಮಾನ ಕೂಲಿ ಕೊಡಿಸುತ್ತಾನೆ. ಕೊನೆಗೆ ಬಂದವನಿಗೆ ಮೊದಲು. ಇನ್ನು ಯೆರೆಮೀಯ 22:13, 14 ನಮಗೇ ಬರೆದದ್ದು ಅಂತ ನನ್ನ ನಂಬಿಕೆ. ನೆರೆಯವನನ್ನು ಬಿಟ್ಟಿ ದುಡಿಸಿಕೊಂಡು ಮನೆ ಕಟ್ಟಿಸಿ, ಅದಕ್ಕೆ ಕೆಂಪು ಬಣ್ಣ ಹಚ್ಚುವವನಿಗೆ ಅಯ್ಯೋ ಅಂತ ಪ್ರವಾದಿ ಹೇಳುತ್ತಾನೆ. ಪೇಂಟಿಂಗ್ ಕೆಲಸದವನು ಈ ವಚನ ಓದಿ ಸುಮ್ಮನಿರಲು ಆಗುವುದಿಲ್ಲ.

ಈಗ ಹಣದ ವಿಷಯ. ಆಗ ನನ್ನ ಹತ್ತಿರ ಹನ್ನೆರಡು ಮಂದಿ ಇದ್ದರು. ಪೇಂಟರ್‌ಗೆ 550, 600. ಹೆಲ್ಪರ್‌ಗೆ 350, 400. ದಿನಕ್ಕೆ ಸುಮಾರು ಆರು ಸಾವಿರ ಹಿಡಿಯಿರಿ. ಕೆಲಸ ಎಲ್ಲ ಬಿಲ್ಡರ್‌ಗಳದ್ದು. ಬಿಲ್ ಪಾಸಾಗಲು ಎರಡು ತಿಂಗಳು, ಅದರಲ್ಲೂ ಐದು ಪರ್ಸೆಂಟ್ ವರ್ಷದ ತನಕ ಹಿಡಿದಿಡುತ್ತಾರೆ. ಅಂದರೆ ದಿನಾ ಕೂಲಿ ಕೊಡಬೇಕಾದರೆ ಮೂರು ಲಕ್ಷ ಕೈಯಲ್ಲಿ ಬಿದ್ದಿರಬೇಕು. ನನ್ನ ಹತ್ತಿರ ಇದ್ದದ್ದು ಎಂಬತ್ತು ಸಾವಿರ.

ಮೊದಲ ಸಲ ಹನ್ನೆರಡೂ ಮಂದಿಗೆ ದಿನಾ ಕೊಡಲು ಶುರು ಮಾಡಿದೆ. ಎರಡು ವಾರಕ್ಕೆ ಚೀಲ ಖಾಲಿ. ಸಾಲ ತರಬಹುದಿತ್ತು, ನಮ್ಮ ಗಲ್ಲಿಯಲ್ಲೇ ತಿಂಗಳಿಗೆ ಮೂರು ಪರ್ಸೆಂಟಿಗೆ ಕೊಡುವವರಿದ್ದರು. ಆದರೆ ಯಾರಿಗೂ ಏನೂ ಸಾಲ ಇಟ್ಟುಕೊಳ್ಳಬೇಡಿ ಅಂತ ರೋಮಾಪುರದವರಿಗೆ 13:8ರಲ್ಲಿದೆ. ಒಂದು ಆಜ್ಞೆ ಪಾಲಿಸಲು ಇನ್ನೊಂದನ್ನು ಮುರಿಯುವುದು ಪಾಲನೆ ಅಲ್ಲ. ಆಮೇಲೆ ಅರ್ಧ ಸಂಜೆಗೆ, ಅರ್ಧ ಬಿಲ್ ಬಂದ ಮೇಲೆ ಅಂತ ನಡೆಸಿ ನೋಡಿದೆ. ಆಳುಗಳು ಒಪ್ಪಿದರು, ಭಾವ ಕೂಡ ಇದು ಪರವಾಗಿಲ್ಲ ಅಂದರು. ನನಗೆ ಸಮಾಧಾನ ಆಗಲಿಲ್ಲ. ಅವನ ಕೂಲಿ ಕೊಡು ಅಂತಿದೆ. ಅರ್ಧ ಕೂಲಿ ಅಂತಿಲ್ಲ.

ಕೊನೆಗೆ ನಿಂತ ದಾರಿ ಇದು: ಬೆಳಿಗ್ಗೆ ಚೀಲದಲ್ಲಿ ಕೂಲಿ ಹಣ ಇಲ್ಲದಿದ್ದರೆ ಆಳನ್ನು ಕರೆಯಬಾರದು. ಸಂಜೆಗೆ ಹೊಂದಿಸುತ್ತೇನೆ ಅಂತ ಕರೆಯಲೇಬಾರದು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕು ಅಂತ ಲೂಕ 14ರಲ್ಲಿ ಯೇಸು ಹೇಳಿದ್ದನ್ನು ನಾನು ಪ್ರತಿ ಬೆಳಿಗ್ಗೆ ಮಾಡುತ್ತೇನೆ. ಹನ್ನೆರಡರಿಂದ ನಾಲ್ಕು ಮಂದಿಗೆ ಇಳಿದೆ. ಬಿಲ್ಡರ್ ಕೆಲಸ ಪೂರ್ತಿ ಬಿಟ್ಟೆ. ಮುಲುಂಡ್, ಭಾಂಡುಪ್, ಠಾಣೆಯ ಮನೆ ಕೆಲಸ ಮಾತ್ರ. ನಲವತ್ತು ಪರ್ಸೆಂಟ್ ಮುಂಗಡ, ಆಮೇಲೆ ಪ್ರತಿ ಶನಿವಾರ ಅಳತೆ ಮಾಡಿ ಆದಷ್ಟು ಕೆಲಸದ ಹಣ. ಒಪ್ಪದವರಿಗೆ ನಮಸ್ಕಾರ ಹೇಳಿ ಬರುವುದು. ಮೊದಲ ವರ್ಷ ನಮಸ್ಕಾರ ಹೇಳಿ ಬಂದದ್ದೇ ಜಾಸ್ತಿ.

ಆದಾಯ ಅರ್ಧಕ್ಕೆ ಬಿತ್ತು. ಎರಡು ವರ್ಷ ಹತ್ತಿರ ಹತ್ತಿರ ಹಾಗೇ ಇತ್ತು. ಮನೆಯವಳು ಬ್ಲೌಸ್ ಹೊಲಿದು ಮಗಳ ಫೀಸು ಕಟ್ಟಿದಳು. ಸಂಜೆ ಚೀಲದ ಉಸ್ತುವಾರಿಯೂ ಅವಳದ್ದೇ. ಹಿಂದಿನ ರಾತ್ರಿಯೇ ಲಕೋಟೆಗೆ ಹಣ ಹಾಕಿ, ಮೇಲೆ ಹೆಸರು ಬರೆದು, ಟೇಪಿನಿಂದ ಮುಚ್ಚಿಡುತ್ತಿದ್ದಳು. ಮನೆಯಲ್ಲಿ ಎಷ್ಟೇ ಅಡಚಣೆ ಬಂದರೂ ಒಮ್ಮೆ ಮುಚ್ಚಿದ ಲಕೋಟೆ ಒಡೆಯುವ ಹಾಗಿರಲಿಲ್ಲ. ಆ ನಿಯಮ ಅವಳು ಮಾಡಿದ್ದು. ನಮ್ಮನ್ನು ಕಾಪಾಡಿದ್ದು ಅದೇ.

ಹೊತ್ತು ಮುಳುಗುವುದು ಅಂದರೆ ನಾನು ಅಕ್ಷರಶಃ ತೆಗೆದುಕೊಂಡೆ. ಮುಂಬೈಯಲ್ಲಿ ಡಿಸೆಂಬರ್ ಶುರುವಿನಲ್ಲಿ ಆರು ಗಂಟೆಗೇ ಮುಳುಗುತ್ತದೆ, ಜೂನ್ ಕೊನೆಗೆ ಏಳೂ ಕಾಲು ದಾಟುತ್ತದೆ. ಚಳಿಗಾಲದಲ್ಲಿ ಐದಕ್ಕೇ ಬ್ರಷ್, ರೋಲರ್ ತೊಳೆಯಲು ಹೇಳುತ್ತೇನೆ. ಐದೂವರೆಗೆ ಹಾಜರಿ ಪುಸ್ತಕ ಬಿಚ್ಚುತ್ತೇನೆ. ಹೆಸರು, ಕೆಲಸ, ಮೊತ್ತ, ಸಹಿ ಇಲ್ಲವೇ ಹೆಬ್ಬೆಟ್ಟು. ಕೈಗೆ ಮೆತ್ತಿದ ಲಾಂಬಿ (ಗೋಡೆಗೆ ಹಚ್ಚುವ ಪುಟ್ಟಿ) ತೊಳೆಯದೆ ಹೆಬ್ಬೆಟ್ಟು ಒತ್ತಿ ಪುಟದ ತುಂಬಾ ಬಿಳಿ ಗುರುತು ಬಿದ್ದ ಹಳೇ ಪುಸ್ತಕಗಳು ಇನ್ನೂ ನನ್ನ ಹತ್ತಿರ ಇವೆ. ಈಗ ಹೆಚ್ಚಿನವರಿಗೆ ಫೋನಿನಲ್ಲೇ ಹಣ ಹೋಗುತ್ತದೆ, ಆದರೂ ಪುಸ್ತಕ ಬಿಟ್ಟಿಲ್ಲ. ಅಂದಹಾಗೆ, 2019ರ ವೇತನ ಸಂಹಿತೆಯಲ್ಲೂ ದಿನಗೂಲಿಯವರಿಗೆ ಪಾಳಿ ಮುಗಿದಾಗ ಕೂಲಿ ಕೊಡಬೇಕು ಅಂತಿದೆ. ಸರ್ಕಾರ ಬರೆಯುವ ಮೊದಲೇ ನಾವು ಮಾಡುತ್ತಿದ್ದೆವು!

2016ರ ನವೆಂಬರ್ ಎಲ್ಲರಿಗಿಂತ ನಮಗೆ ಜಾಸ್ತಿ ಬಿಸಿ ಮುಟ್ಟಿಸಿತು. 500, 1000ದ ನೋಟು ನಿಂತವು. ಲಕೋಟೆಯಲ್ಲಿದ್ದದ್ದೆಲ್ಲ ಅವೇ. ಮನೆಯಲ್ಲಿದ್ದ ನೂರರ ನೋಟು ಎಣಿಸಿ, ಅಷ್ಟಕ್ಕೆ ಎಷ್ಟು ಮಂದಿಯಾಗುತ್ತದೋ ಅಷ್ಟೇ ಮಂದಿಯನ್ನು ಕರೆದೆ. ಕೆಲವು ದಿನ ಒಬ್ಬನೇ. ಮನೆ ಮಾಲೀಕರು ಕೆಲಸ ತಡವಾಯಿತು ಅಂತ ಕೂಗಾಡಿದರು. ಒಬ್ಬರು ಬೇರೆಯವರಿಗೆ ಕೆಲಸ ಕೊಟ್ಟೂಬಿಟ್ಟರು.

ಕುಡಿಯುವವರ ವಿಷಯಕ್ಕೆ ಬರುತ್ತೇನೆ. ದಿನಾ ದುಡ್ಡು ಕೊಟ್ಟರೆ ದಿನಾ ಕುಡಿಯುತ್ತಾರೆ ಅನ್ನುವುದು ಎಲ್ಲರ ಮೊದಲ ಪ್ರಶ್ನೆ. ಕುಡಿದವರು ಇದ್ದರು. ಒಳ್ಳೇ ಪಾಲಿಶ್ ಕೈಯವನೊಬ್ಬ, ಸಂಜೆ ಲಕೋಟೆ ತಗೊಂಡರೆ ರಾತ್ರಿ ಮನೆಗೆ ಹೋಗುವಾಗ ಏನೂ ಉಳಿಯುತ್ತಿರಲಿಲ್ಲ. ಅವನ ಹೆಂಡತಿ ಬಂದು "ಅಣ್ಣಾ, ನಿಮ್ಮ ಹತ್ರಾನೇ ಇಟ್ಕೊಳ್ರಿ, ವಾರಕ್ಕೊಮ್ಮೆ ಕೊಡ್ರಿ" ಅಂತ ಅತ್ತಳು. ಬೇರೆ ಯಾವುದಕ್ಕೂ ನಾನು ಇಷ್ಟು ಪ್ರಾರ್ಥನೆ ಮಾಡಿಲ್ಲ. ಇಟ್ಟುಕೊಂಡರೆ ಆಜ್ಞೆ ಮೀರಿದ ಹಾಗೆ, ಕೊಟ್ಟರೆ ಮಕ್ಕಳಿಗೆ ಊಟ ಇಲ್ಲ. ಬೆಳಿಗ್ಗೆ, ಅವನು ಕುಡಿಯದೇ ಇರುವ ಹೊತ್ತಿಗೆ, ಅವನನ್ನೇ ಕೂರಿಸಿ ಕೇಳಿದೆ. ಇದು ನಿನ್ನ ಹಣ, ನಾನು ಹಿಡಿಯುವುದಿಲ್ಲ, ಎಲ್ಲಿ ಹಾಕಲಿ ನೀನೇ ಹೇಳು. ಅರ್ಧ ಅವಳ ಖಾತೆಗೆ ಹಾಕಿ ಅಂದ. ಕೆಲವು ತಿಂಗಳಾದ ಮೇಲೆ ಮುಕ್ಕಾಲು ಅಂದ. ಕುಡಿತ ಪೂರ್ತಿ ಬಿಟ್ಟಿಲ್ಲ, ಸಾಕ್ಷಿ ಹೇಳಲು ಸುಳ್ಳು ಸೇರಿಸುವುದಿಲ್ಲ. ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ.

ಉಚಲ್‌ನಲ್ಲಿ ನಾನು ಕಳೆದುಕೊಂಡದ್ದು ಮೊದಲ ವರ್ಷವೇ ಮೂವತ್ತು ಸಾವಿರದ ಮೇಲೆ. ಹಿಡಿಯಲು ಹಿಸಾಬ್ ಇಲ್ಲ ಅಂತ ಗೊತ್ತಾದ ಮೇಲೆ ಕೆಲವರು ಉಚಲ್ ತಗೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು ತಿರುಗಿ ಬರಲಿಲ್ಲ. ಈಗ ಉಚಲ್ ಕೊಡುವುದೇ ಇಲ್ಲ. ಕಷ್ಟ ಅಂತ ಬಂದರೆ ದಾನವಾಗಿ ಕೊಡುತ್ತೇನೆ, ಕೊಡಲಾಗುವಷ್ಟು ಮಾತ್ರ, ಪುಸ್ತಕದಲ್ಲಿ ಬರೆಯದೆ. ತಿರುಗಿ ಬರುವ ನಿರೀಕ್ಷೆ ಇಲ್ಲದೆ ಕೊಡಿರಿ ಅಂತ ಲೂಕ 6:35. ತಿಂಗಳಿಗೆ ಎರಡು ಮೂರು ಸಾವಿರ ಇದಕ್ಕೇ ಬೇರೆ ತೆಗೆದಿಡುತ್ತೇನೆ. ಉಚಲ್‌ಗಿಂತ ಇದು ಅಗ್ಗ.

ನಡುವೆ ಬೇರೆ ಪ್ರಯೋಗಗಳೂ ಆದವು. ಧರ್ಮೋಪದೇಶಕಾಂಡ 25ರಲ್ಲಿ ಚೀಲದಲ್ಲಿ ಎರಡು ತರದ ತೂಕದ ಕಲ್ಲು ಇರಬಾರದು ಅಂತಿದೆ. ಬಣ್ಣವನ್ನು ಒಂದು ಸಲ ಬಳಿದರೆ ನಾವು ಒಂದು ಕೈ ಅನ್ನುತ್ತೇವೆ. ನಮ್ಮಲ್ಲಿ ಎರಡು ತೂಕ ಅಂದರೆ ಮೂರು ಕೈ ಅಂತ ಬಿಲ್, ಎರಡು ಕೈ ಕೆಲಸ. ಅದಕ್ಕೆ ನಾನು ಪ್ರತಿ ಕೈಗೂ ಸ್ವಲ್ಪ ಟಿಂಟ್ ಬದಲಿಸುತ್ತೇನೆ. ಕೊನೆಯದು ಮಾತ್ರ ಮಾಲೀಕರು ಆರಿಸಿದ ಬಣ್ಣ. ಬಾಗಿಲ ಹಿಂದೆ ಒಂದು ಗೇಣು ಜಾಗದಲ್ಲಿ ಲಾಂಬಿ, ಪ್ರೈಮರ್, ಒಂದನೇ ಕೈ, ಎರಡನೇ ಕೈ ಮೆಟ್ಟಿಲಿನ ಹಾಗೆ ಬಿಟ್ಟಿರುತ್ತೇನೆ. ಮಾಲೀಕರು ಬಂದು ಬೆರಳಿಟ್ಟು ಎಣಿಸಿಕೊಳ್ಳಬಹುದು. ಅವರು ನೋಡಿದ ಮೇಲೆ ಅದನ್ನೂ ಮುಚ್ಚುತ್ತೇವೆ. ಇದರಿಂದ ಬಂದಷ್ಟು ಗಿರಾಕಿ ನನಗೆ ಬೇರೆ ಯಾವುದರಿಂದಲೂ ಬಂದಿಲ್ಲ.

ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ ತೆನೆ ಆಯುವುದನ್ನು, ಅಂದರೆ ಹಕ್ಕಲಾಯುವುದನ್ನು, ಬಡವರಿಗೆ ಬಿಡಿ ಅನ್ನುವ ಯಾಜಕಕಾಂಡ 19ರ ಮಾತನ್ನು ಉಳಿದ ಬಣ್ಣಕ್ಕೆ ಹಚ್ಚಿ ನೋಡಿದೆ. ಡಬ್ಬದ ತಳದಲ್ಲಿ ಉಳಿದದ್ದು, ಪೇಂಟರ್‌ಗಳಿಗೆ ಅಂತ ಕಂಪನಿಯವರು ಡಬ್ಬದೊಳಗೆ ಇಡುವ ಟೋಕನ್, ಎಲ್ಲ ಹುಡುಗರಿಗೆ. ಟೋಕನ್ ಚೆನ್ನಾಗಿ ನಡೆಯಿತು. ಬಣ್ಣದ್ದು ತೊಡಕಾಯಿತು. ಮಟೀರಿಯಲ್ ನಮ್ಮದಾದರೆ ಉಳಿದದ್ದೂ ನಮ್ಮದು. ಕೂಲಿ ಮಾತ್ರ ನಮ್ಮದಾದ ಲೇಬರ್ ರೇಟಿನ ಕೆಲಸದಲ್ಲಿ ಅದು ಮಾಲೀಕರದ್ದು, ಕೇಳದೆ ಕೊಡುವ ಹಕ್ಕು ನಮಗಿಲ್ಲ. ಈಗ ಮೊದಲೇ ಕೇಳಿ ಒಪ್ಪಂದದಲ್ಲಿ ಬರೆಸುತ್ತೇನೆ. ಭಾನುವಾರ ರಜೆಯ ಪ್ರಯೋಗ ಬೇಗ ಕುದುರಿತು, ಬಹಳ ಹೌಸಿಂಗ್ ಸೊಸೈಟಿಗಳಲ್ಲಿ ಆ ದಿನ ಹೇಗೂ ಕೆಲಸ ಮಾಡಲು ಬಿಡುವುದಿಲ್ಲ.

ನನ್ನ ದಾರಿ ಸರಿ ಅಂತ ಬೇರೆಯವರಿಗೆ ಕಂಡದ್ದು 2020ರ ಲಾಕ್‌ಡೌನ್‌ನಲ್ಲಿ. ಮಾರ್ಚ್ 25ಕ್ಕೆ ಎಲ್ಲ ನಿಂತಿತಲ್ಲ, ಆಗ ನಮ್ಮ ಸುತ್ತಲಿನ ಎಷ್ಟೋ ಆಳುಗಳ ಹಿಸಾಬ್ ಕಂತ್ರಾಟುದಾರರ ಹತ್ತಿರ ಸಿಕ್ಕಿಕೊಂಡಿತ್ತು. ಕಂತ್ರಾಟುದಾರರ ಹಣ ಬಿಲ್ಡರ್ ಹತ್ತಿರ. ಯಾರ ಕೈಯಲ್ಲೂ ಏನೂ ಇಲ್ಲ. ನನ್ನ ಹತ್ತಿರ ಯಾರದ್ದೂ ಒಂದು ರೂಪಾಯಿ ಬಾಕಿ ಇರಲಿಲ್ಲ. ಹುಡುಗರು ಫೋನ್ ಮಾಡಿದ್ದು ಹಣ ಕೇಳಲು ಅಲ್ಲ, ಅಣ್ಣಾ ಊಟಕ್ಕೆ ಇದೆಯಾ ಅಂತ ಕೇಳಲು. ಮತ್ತೆ ಕೆಲಸ ಶುರುವಾದಾಗ ನಾಕಾದಲ್ಲಿ ಪೇಂಟರ್ ಸಿಗುತ್ತಿರಲಿಲ್ಲ. ಊರಿಂದ ನನ್ನ ಮಂದಿ ತಾವಾಗಿಯೇ ಬಂದರು, ಜೊತೆಗೆ ತಮ್ಮಂದಿರನ್ನೂ ಕರೆತಂದರು. ಆ ವರ್ಷ ದೀಪಾವಳಿಗೆ ನನಗೆ ಬಂದಷ್ಟು ಕೆಲಸ ಹಿಂದೆ ಯಾವತ್ತೂ ಬಂದಿರಲಿಲ್ಲ. ಭಾವ ತಮ್ಮ ಒಂದು ಫ್ಲ್ಯಾಟಿನ ಕೆಲಸ ಮುಗಿಸಲು ನನ್ನ ಹುಡುಗರನ್ನೇ ಕೇಳಿ ತಗೊಂಡರು. ಈಗ ಅವರು ಶನಿವಾರ ಶನಿವಾರ ಪೂರ್ತಿ ಹಿಸಾಬ್ ಮುಗಿಸುತ್ತಾರೆ. ದಿನಾ ಕೊಡುವ ಮಟ್ಟಕ್ಕೆ ಇನ್ನೂ ಬಂದಿಲ್ಲ.

ಇವತ್ತು ಒಂಬತ್ತು ಹತ್ತು ಮಂದಿ ಇದ್ದಾರೆ, ದಿನಕ್ಕೆ ಎಂಟು ಸಾವಿರದ ಆಸುಪಾಸು ಕೂಲಿ. ಚೀಲದಲ್ಲಿ ಒಂದೂವರೆ ಲಕ್ಷದಿಂದ ಎರಡು ಲಕ್ಷ ಯಾವಾಗಲೂ ಇರುತ್ತದೆ. ಬಡ್ಡಿ ಕಟ್ಟುವುದಿಲ್ಲ. ನನ್ನ ರೇಟು ಬೇರೆಯವರಿಗಿಂತ ಹತ್ತು ಪರ್ಸೆಂಟ್ ಜಾಸ್ತಿ, ಆದರೂ ಗಿರಾಕಿ ಕಾಯುತ್ತಾರೆ. ಸೊಸೈಟಿಯ ಖಜಾಂಚಿಯಿಂದ ಶನಿವಾರವೇ ಚೆಕ್ ಬರುವಂತೆ ಒಪ್ಪಂದ ಹೇಗೆ ಬರೆಯುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಮೊದಲ ಭೇಟಿಯಲ್ಲೇ ಹಣ ಎಳೆಯುವ ಮಾಲೀಕರನ್ನು ಗುರುತಿಸಲು ಕೇಳುವ ಎರಡು ಪ್ರಶ್ನೆಗಳೂ ನನ್ನ ಹತ್ತಿರವೇ ಇರಲಿ. ಸಭೆಯ ಕೂಟಕ್ಕೆ ಬಂದವರಿಗೆ ಬಾಯಲ್ಲಿ ಹೇಳುತ್ತೇನೆ.

ನಂಬಿದ ಮೇಲೆ ಮಾಡುವುದಲ್ಲ, ಮಾಡುತ್ತಾ ಹೋದಂತೆ ನನ್ನ ನಂಬಿಕೆ ಗಟ್ಟಿಯಾಯಿತು. ಯೋಹಾನ 7:17ರಲ್ಲಿ ಕರ್ತನು ಹೇಳಿದ್ದೂ ಇದೇ ಅಲ್ವಾ, ದೇವರ ಚಿತ್ತದಂತೆ ಮಾಡಲು ಮನಸ್ಸುಳ್ಳವನಿಗೆ ಈ ಬೋಧನೆ ಎಲ್ಲಿಂದ ಬಂತು ಅಂತ ತಿಳಿಯುತ್ತದೆ.

ಶುರು ಮಾಡುವವರು ದೀಪಾವಳಿ ಮುಗಿದ ಮೇಲೆ ಶುರು ಮಾಡಿ. ಸೀಸನ್ನಿನ ಹಣ ಕೈಯಲ್ಲಿರುತ್ತದೆ, ಕೆಲಸ ಕಡಿಮೆ ಇರುವುದರಿಂದ ಆಳೂ ಕಡಿಮೆ ಸಾಕು, ಜೂನ್ ತನಕ ಮಳೆಯ ಕಾಟ ಇಲ್ಲ. ಮೇ ತಿಂಗಳಲ್ಲಿ ಮಾತ್ರ ಬೇಡ. ಮಳೆ ಬಿದ್ದೊಡನೆ ಹೊರಗೋಡೆಗೆ ಹಗ್ಗದಲ್ಲಿ ತೂಗುಹಾಕಿದ ಹಲಗೆಯ ಮೇಲೆ ನಿಂತು ಮಾಡುವ ಝೂಲಾ ಕೆಲಸ ನಿಲ್ಲುತ್ತದೆ, ಸೊಸೈಟಿಯವರು ಹಣ ನಿಲ್ಲಿಸುತ್ತಾರೆ. ಜೂನ್ ಬರುವಷ್ಟರಲ್ಲಿ ಚೀಲದಲ್ಲಿ ಒಂದು ತಿಂಗಳ ಕೂಲಿ ಸೇರಿರಬೇಕು. ಸೇರದಿದ್ದರೆ ಮಳೆಗಾಲಕ್ಕೆ ಇಬ್ಬರನ್ನೇ ಇಟ್ಟುಕೊಂಡು ಉಳಿದವರಿಗೆ ಏಪ್ರಿಲ್‌ನಲ್ಲೇ ಹೇಳಿಬಿಡಿ. ಊರಿಗೆ ಹೋಗಿ ತೊಗರಿ ಬಿತ್ತನೆ ಮುಗಿಸಿಕೊಂಡು, ಗಣಪತಿ ಹಬ್ಬದ ಕೆಲಸಕ್ಕೆ ಬರುತ್ತಾರೆ.