ಹಳೆಯ ಡಿಎಸ್‌ಎಲ್‌ಆರ್‌ಗೆ ಅದಕ್ಕಿಂತ ಹಳೆಯ ಲೆನ್ಸ್

ಫಿಲಂ ಕಾಲದ ಲೆನ್ಸ್‌ಗಳಲ್ಲಿ ಯಾವುದನ್ನು ಕೊಳ್ಳಬಹುದು ಎಂಬುದನ್ನು ನಿಮ್ಮ ಕ್ಯಾಮೆರಾದ ಮೌಂಟೇ, ಅಂದರೆ ಲೆನ್ಸ್ ಕೂರುವ ಬಾಯಿಯೇ ತೀರ್ಮಾನಿಸುತ್ತದೆ. ಕ್ಯಾನನ್ ಇಎಫ್ ಮೌಂಟಿನ ಅಂಚಿನಿಂದ ಸೆನ್ಸರ್‌ವರೆಗೆ 44 ಮಿ.ಮೀ. ದೂರವಿದೆ. ಎಂ42 ತಿರುಪಿನ ಲೆನ್ಸ್‌ಗೆ 45.46 ಮಿ.ಮೀ. ಬೇಕು, ಒಲಿಂಪಸ್ ಓಎಂಗೆ 46, ನಿಕಾನ್ ಎಫ್‌ಗೆ 46.5. ಹೆಚ್ಚುವರಿ ಉಳಿಯುವ ಆ ಒಂದೆರಡು ಮಿ.ಮೀ.ನಲ್ಲೇ ಅಡಾಪ್ಟರ್ ಕೂರುವುದರಿಂದ ಈ ಮೂರೂ ಕ್ಯಾನನ್ ಮೇಲೆ ಇನ್ಫಿನಿಟಿವರೆಗೆ (ಬಹು ದೂರದ ವಸ್ತುಗಳವರೆಗೆ) ಫೋಕಸ್ ಆಗುತ್ತವೆ. ನಿಕಾನ್ ಬಾಡಿಗೆ ಎಂ42 ಹಾಕಿದರೆ ದೂರದ್ದೆಲ್ಲ ಮಸುಕು. ಅದನ್ನು ಸರಿಪಡಿಸಲು ಗಾಜಿರುವ ಅಡಾಪ್ಟರ್ ಸಿಗುತ್ತದೆ, ಆದರೆ ಅಗ್ಗದವು ಚಿತ್ರವನ್ನೇ ಮಂಕು ಮಾಡುತ್ತವೆ. ನಿಕಾನ್‌ನವರು ನಿಕಾನ್‌ನದೇ ಎಐ ಎಂಬ ಬಗೆಯ ಲೆನ್ಸ್ ಹುಡುಕುವುದು ಲೇಸು. ಕ್ಯಾನನ್‌ನ ಹಳೆಯ ಎಫ್‌ಡಿ ಲೆನ್ಸ್‌ಗೆ 42 ಮಿ.ಮೀ. ಮಾತ್ರ ಬೇಕಾಗಿರುವುದರಿಂದ ಕ್ಯಾನನ್ ಡಿಎಸ್‌ಎಲ್‌ಆರ್‌ಗೂ ಅದು ಒಗ್ಗುವುದಿಲ್ಲ! ಪೆಂಟಾಕ್ಸ್ ಇದ್ದವರಿಗೆ ತಲೆನೋವು ಕಡಿಮೆ: ಕೆ ಮೌಂಟ್ ನೇರವಾಗಿ ಕೂರುತ್ತದೆ, ಎಂ42ಗೆ ತೆಳ್ಳನೆಯ ಒಂದು ರಿಂಗ್ ಸಾಕು.

ಹಾಕುವ ಮುನ್ನ ಲೆನ್ಸ್‌ನ ಹಿಂಭಾಗ ನೋಡಿ. ಬಹಳಷ್ಟು ಎಂ42 ಲೆನ್ಸ್‌ಗಳಲ್ಲಿ ಸಣ್ಣ ಪಿನ್ ಇರುತ್ತದೆ. ಅದನ್ನು ಒತ್ತಿದಾಗ ಮಾತ್ರ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಎಲೆಗಳು ಮುಚ್ಚಿಕೊಳ್ಳುತ್ತವೆ. ಲೆನ್ಸ್ ಮೇಲೆ ಆಟೊ–ಮ್ಯಾನುಯಲ್ ಸ್ವಿಚ್ ಇದ್ದರೆ ಮ್ಯಾನುಯಲ್‌ಗೆ ತಳ್ಳಿ. ಇಲ್ಲದಿದ್ದರೆ ಪಿನ್ ಒತ್ತುವ ಒಳಅಂಚಿರುವ ಅಡಾಪ್ಟರ್ ಕೊಳ್ಳಿ, ಇಲ್ಲವಾದರೆ ರಿಂಗ್ ತಿರುಗಿಸಿದರೂ ಎಲೆಗಳು ಅಲುಗಾಡುವುದಿಲ್ಲ. ಕೆಲವು ರಿಕೋ ಕೆ ಮೌಂಟ್ ಲೆನ್ಸ್‌ಗಳ ಹೆಚ್ಚುವರಿ ಪಿನ್ ಪೆಂಟಾಕ್ಸ್‌ನ ಆಟೊಫೋಕಸ್ ಕಂಡಿಗೆ ಸಿಕ್ಕಿಕೊಂಡರೆ ಲೆನ್ಸ್ ಹೊರಬರುವುದೇ ಕಷ್ಟ.

ಕ್ಯಾನನ್ 5ಡಿಯಂಥ ಫುಲ್‌ಫ್ರೇಮ್ (35 ಮಿ.ಮೀ. ಫಿಲಂನಷ್ಟೇ ದೊಡ್ಡ ಸೆನ್ಸರ್‌ನ) ಬಾಡಿಯಲ್ಲಿ ಕೆಲವು ಲೆನ್ಸ್‌ಗಳ ಹಿಂತುದಿ ಒಳಗಿನ ಕನ್ನಡಿಗೆ ತಗಲುತ್ತದೆ. ಮೊದಲು ಹತ್ತಿರದ ಫೋಕಸ್‌ನಲ್ಲಿ ಒಂದು ಕ್ಲಿಕ್ ಮಾಡಿ, ಆಮೇಲೆ ಸ್ವಲ್ಪಸ್ವಲ್ಪವೇ ಇನ್ಫಿನಿಟಿಯತ್ತ ತಿರುಗಿಸುತ್ತ ಕ್ಲಿಕ್ ಮಾಡುತ್ತಾ ಹೋಗಿ. ಕನ್ನಡಿ ಮೇಲೆಯೇ ನಿಂತುಬಿಟ್ಟರೆ ಕ್ಯಾಮೆರಾ ಆಫ್ ಮಾಡಿ, ಫೋಕಸ್ ರಿಂಗನ್ನು ಹತ್ತಿರಕ್ಕೆ ತಿರುಗಿಸಿ. ಬೆರಳು ಹಾಕಬೇಡಿ.

ನಿಜವಾದ ಸವಾಲು ಫೋಕಸ್. ಆಟೊಫೋಕಸ್ ಬಾಡಿಗಳ ಫೋಕಸಿಂಗ್ ಸ್ಕ್ರೀನ್ ಬೆಳಕಾಗಿ ಕಾಣಲೆಂದು ಮಾಡಿದ್ದು. ಅದು ತೋರಿಸುವ ಫೋಕಸ್‌ನ ಆಳ ಸುಮಾರು ಎಫ್/2.8ರದು (ಎಫ್ ಸಂಖ್ಯೆ ಚಿಕ್ಕದಾದಷ್ಟು ಅಪರ್ಚರ್ ದೊಡ್ಡದು). ಎಫ್/1.4 ಲೆನ್ಸ್ ಹಾಕಿ, ವ್ಯೂಫೈಂಡರ್ ನೋಡುತ್ತ ಅಪರ್ಚರನ್ನು 2ರವರೆಗೆ ಮುಚ್ಚಿ: ಕತ್ತಲಾಗುವುದೇ ಇಲ್ಲ. ಅಂದರೆ 1.4ರಲ್ಲಿ ಚೂಪಾಗಿ ಕಂಡ ಕಣ್ಣು ಚಿತ್ರದಲ್ಲಿ ಮಸುಕಾಗಿರಬಹುದು, ತಪ್ಪು ನಿಮ್ಮ ಕಣ್ಣಿನದಲ್ಲ. 5ಡಿ, 40ಡಿಗಳಲ್ಲಿ ಸ್ಕ್ರೀನ್ ಬದಲಿಸಬಹುದು. ಉಳಿದವರು ಲೈವ್ ವ್ಯೂ (ಹಿಂದಿನ ಪರದೆಯ ನೇರ ಚಿತ್ರ) ನಂಬುವುದೇ ಸರಿ. 40ಡಿ, 450ಡಿಗಳಲ್ಲಿ ಚಿತ್ರವನ್ನು 10 ಪಟ್ಟು ಹಿಗ್ಗಿಸಿ ನೋಡಬಹುದು. ಅಪರ್ಚರ್ ಪೂರ್ತಿ ತೆರೆದು ಫೋಕಸ್ ಮಾಡಿ, ನಂತರ ರಿಂಗಿನ ಟಿಕ್ ಟಿಕ್ ಎಣಿಸುತ್ತ ಬೇಕಾದಷ್ಟು ಮುಚ್ಚಿ.

ವ್ಯೂಫೈಂಡರಿನಲ್ಲೇ ತೆಗೆಯುವುದಾದರೆ ಮೊದಲು ನೋಟವನ್ನು ನಿಮ್ಮ ಕಣ್ಣಿಗೆ ಹೊಂದಿಸುವ ಡಯಾಪ್ಟರ್ ಗಾಲಿ ತಿರುಗಿಸಿ, ಸ್ಕ್ರೀನ್ ಮೇಲಿನ ಫೋಕಸ್ ಗುರುತುಗಳು ಚೂಪಾಗಿ ಕಾಣುವಂತೆ ಮಾಡಿಕೊಳ್ಳಿ. ಫೋಕಸ್ ಸೂಚಿಸುವ ಹಸಿರು ಚುಕ್ಕೆ ಸ್ವಲ್ಪ ಉದಾರಿ: ರಿಂಗನ್ನು ಒಂದೇ ದಿಕ್ಕಿನಲ್ಲಿ ತಿರುಗಿಸಿ ಎಲ್ಲಿ ಹೊತ್ತಿತು, ಎಲ್ಲಿ ಆರಿತು ನೋಡಿಕೊಂಡು ನಡುವೆ ನಿಲ್ಲಿಸಿ. ಎಫ್/5.6ಕ್ಕಿಂತ ಮುಚ್ಚಿದರೆ ಅದನ್ನು ನೆಚ್ಚುವಂತಿಲ್ಲ. ಕ್ಯಾನನ್‌ನಲ್ಲಿ ಇದು ಕೆಲಸ ಮಾಡಲು ಚಿಪ್ ಇರುವ ಅಡಾಪ್ಟರ್ ಬೇಕು.

ಬೆಳಕಿನ ಲೆಕ್ಕ ಬಾಡಿಯಿಂದ ಬಾಡಿಗೆ ಬೇರೆ. ಕ್ಯಾನನ್‌ನಲ್ಲಿ ಎವಿ (ಶಟರ್ ವೇಗ ಕ್ಯಾಮೆರಾದ ಪಾಲಿಗೆ) ಅಥವಾ ಎಂ (ಎಲ್ಲವೂ ನಿಮ್ಮ ಪಾಲಿಗೆ) ಮೋಡ್. ಅಪರ್ಚರ್ 00 ಎಂದು ತೋರಿಸಿದರೆ ಗಾಬರಿ ಬೇಡ. ಮುಚ್ಚಿದ ಅಪರ್ಚರ್‌ನಲ್ಲಿ ಬೆಳಕಳೆಯುವ ಮೀಟರ್ ಎಡವುವುದುಂಟು. ಸಮ ಬೆಳಕಿನ ಗೋಡೆಯೊಂದನ್ನು ಪ್ರತಿ ಸ್ಟಾಪ್‌ನಲ್ಲೂ ತೆಗೆದು, ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ಗ್ರಾಫ್) ಎಷ್ಟು ಸರಿಯಿತೋ ಅಷ್ಟು ಕಾಂಪನ್ಸೇಷನ್ (ಬೆಳಕಿನ ತಿದ್ದುಪಡಿ) ಬರೆದಿಟ್ಟುಕೊಳ್ಳಿ. ಪೆಂಟಾಕ್ಸ್‌ನಲ್ಲಿ ‘ಎ’ ಗುರುತಿಲ್ಲದ ಕೆ ಲೆನ್ಸ್ ಹಾಕಿದಾಗ, ಅಪರ್ಚರ್ ರಿಂಗ್ ಬಳಸಲು ಮೆನುವಿನಲ್ಲಿ ಅನುಮತಿ ಕೊಟ್ಟು ಎಂ ಮೋಡ್‌ನಲ್ಲಿ ಹಸಿರು ಬಟನ್ ಒತ್ತಿ. ಎಲೆಗಳು ಕ್ಷಣಕಾಲ ಮುಚ್ಚಿ ಶಟರ್ ವೇಗ ತಾನೇ ಹೊಂದಿಕೊಳ್ಳುತ್ತದೆ. ಶೇಕ್ ರಿಡಕ್ಷನ್ (ಕೈನಡುಕ ತಡೆಯುವ ವ್ಯವಸ್ಥೆ) ಕೇಳಿದಾಗ ಲೆನ್ಸ್ ಮೇಲಿರುವ ಫೋಕಲ್ ಲೆಂಗ್ತನ್ನೇ ಕೊಡಿ, ಸಣ್ಣ ಸೆನ್ಸರ್‌ನ ಕ್ರಾಪ್ ಗುಣಕದಿಂದ ಗುಣಿಸಬೇಡಿ. ನಿಕಾನ್ ಡಿ200, ಡಿ300, ಡಿ700, ಡಿ7000 ಬಾಡಿಗಳು ಎಐ ಲೆನ್ಸ್‌ನ ಫೋಕಲ್ ಲೆಂಗ್ತ್ ಹಾಗೂ ಗರಿಷ್ಠ ಅಪರ್ಚರ್ ಮೆನುವಿನಲ್ಲಿ ತುಂಬಿದರೆ ಮೀಟರ್ ಕೊಡುತ್ತವೆ. ಡಿ70, ಡಿ90, ಡಿ3000ಗಳಲ್ಲಿ ಮೀಟರ್ ಇಲ್ಲ. ಎಂ ಮೋಡ್‌ನಲ್ಲಿ ಅಂದಾಜು ಹಾಕಿ, ಒಂದು ತೆಗೆದು ನೋಡಿ, ತಿದ್ದಿ. ಎಐ ಆಗದ ತೀರಾ ಹಳೆಯ ನಿಕಾನ್ ಲೆನ್ಸ್‌ಗಳು ಡಿ7000ನಂಥ ಬಾಡಿಯ ಅಪರ್ಚರ್ ಕೊಕ್ಕೆಯನ್ನೇ ಮುರಿಯಬಹುದು.

ಕೊಳ್ಳುವಾಗ ಅಪರ್ಚರ್ ತೆರೆದು ಹಿಂದಿನಿಂದ ಟಾರ್ಚ್ ಬಿಡಿ. ಎಳೆಎಳೆಯಾಗಿ ಹಬ್ಬಿದ ಫಂಗಸ್, ಹೊಗೆಯಂಥ ಮಬ್ಬು ಕಂಡರೆ ಬಿಟ್ಟುಬಿಡಿ. ನಾಲ್ಕಾರು ಧೂಳಿನ ಕಣಗಳಿಂದ ಏನೂ ಆಗದು. ಗಾಜು ಹಳದಿಯಾಗಿದ್ದರೆ ಅದು ಥೋರಿಯಂ (ಸ್ವಲ್ಪ ವಿಕಿರಣ ಸೂಸುವ ಲೋಹ) ಇರುವ ಲೆನ್ಸ್ ಇರಬಹುದು. ಸೂಪರ್ ಟಕುಮಾರ್ 50 ಮಿ.ಮೀ. ಎಫ್/1.4ರಲ್ಲಿ ಇದು ಸಾಮಾನ್ಯ. ಕೆಲವು ದಿನ ಯುವಿ ದೀಪದ ಕೆಳಗಿಟ್ಟರೆ ಹಳದಿ ಬಹುಮಟ್ಟಿಗೆ ತಿಳಿಯಾಗುತ್ತದೆ.