ಶ್ವಾಸಕೋಶದ ಕ್ಯಾನ್ಸರ್: ಚಿಕಿತ್ಸೆಯನ್ನು ಅರಿಯುವುದು, ಅಡ್ಡಪರಿಣಾಮಗಳ ಮೇಲೆ ನಿಗಾ ಇಡುವುದು

ಯಾವ ಚಿಕಿತ್ಸೆ ಎಂದು ಯೋಚಿಸುವ ಮೊದಲು, ರೋಗ ಯಾವ ಬಗೆಯದು ಮತ್ತು ಯಾವ ಹಂತದಲ್ಲಿದೆ ಎಂಬುದನ್ನು ವೈದ್ಯರಿಂದ ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಿ. ಕೋಶಗಳು ಕಾಣುವ ರೀತಿಯನ್ನು ಆಧರಿಸಿ ಮುಖ್ಯವಾಗಿ ಎರಡು ಬಗೆ: ಸ್ಮಾಲ್ ಸೆಲ್ (ಸಣ್ಣ ಕೋಶದ್ದು) ಮತ್ತು ನಾನ್-ಸ್ಮಾಲ್ ಸೆಲ್. ಸುಮಾರು ಶೇ 85ರಷ್ಟು ಪ್ರಕರಣಗಳು ನಾನ್-ಸ್ಮಾಲ್ ಸೆಲ್ ಬಗೆಯವು. ಸ್ಮಾಲ್ ಸೆಲ್ ಬಗೆಯದು ಬೇಗ ಹರಡುವುದರಿಂದ ಅದರಲ್ಲಿ ಶಸ್ತ್ರಚಿಕಿತ್ಸೆಗೆ ಅವಕಾಶ ಅಪರೂಪ. ನಾನ್-ಸ್ಮಾಲ್ ಸೆಲ್ ಕ್ಯಾನ್ಸರ್ ಮುಂದುವರಿದ ಹಂತದಲ್ಲಿದ್ದರೆ, ಬಯಾಪ್ಸಿಯ (ಪರೀಕ್ಷೆಗೆಂದು ಗೆಡ್ಡೆಯಿಂದ ತೆಗೆದ) ತುಣುಕಿನಲ್ಲಿ ಇಜಿಎಫ್‌ಆರ್, ಎಎಲ್‌ಕೆ ಮೊದಲಾದ ಜೀನ್ ಬದಲಾವಣೆಗಳನ್ನೂ ಪಿಡಿ-ಎಲ್1 ಎಂಬ ಪ್ರೋಟೀನಿನ ಪ್ರಮಾಣವನ್ನೂ ಪರೀಕ್ಷಿಸಲಾಗಿದೆಯೇ ಎಂದು ತಪ್ಪದೆ ವಿಚಾರಿಸಿ. ಮುಂದಿನ ಔಷಧದ ಆಯ್ಕೆ ಬಹುಪಾಲು ಈ ವರದಿಯನ್ನೇ ಅವಲಂಬಿಸಿರುತ್ತದೆ.

ಆರಂಭದ ಹಂತದಲ್ಲಿ ಶ್ವಾಸಕೋಶದ ಒಂದು ಹಾಲೆಯನ್ನು (ಭಾಗವನ್ನು) ತೆಗೆಯುವ ಶಸ್ತ್ರಚಿಕಿತ್ಸೆಯೇ ಮುಖ್ಯ. ಅದರ ನಂತರ ನೋವು ಮತ್ತು ಏದುಸಿರು ಕೆಲಕಾಲ ಇರುತ್ತವೆ. ವಿಕಿರಣ ಚಿಕಿತ್ಸೆಯಲ್ಲಿ ನುಂಗುವಾಗ ನೋವು ಬರಬಹುದು. ಒಣಕೆಮ್ಮು, ಉಸಿರಾಟದ ತೊಂದರೆ ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೂ ಕಾಣಿಸಿಕೊಳ್ಳಬಹುದು.

ಕಿಮೊಥೆರಪಿ ಎಂದರೆ ವಾಂತಿ, ಕೂದಲು ಉದುರುವಿಕೆ ಎಂದೇ ಹಲವರು ಹೆದರುತ್ತಾರೆ. ವಾಂತಿಗೆ ಈಗ ಒಳ್ಳೆಯ ಔಷಧಗಳಿವೆ. ನಿಜವಾಗಿ ಹೆದರಬೇಕಾದದ್ದು ಜ್ವರಕ್ಕೆ. ಔಷಧ ಕೊಟ್ಟ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ತೀರ ಕಡಿಮೆಯಾಗುವುದು ಸಾಮಾನ್ಯವಾದ್ದರಿಂದ, ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ, ನಡುರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಬೇಕು. ವೈದ್ಯರಿಗೆ ತಿಳಿಸುವ ಮೊದಲೇ ಪ್ಯಾರಸಿಟಮಾಲ್ ನುಂಗಿದರೆ ಜ್ವರ ಮರೆಯಾಗಿ ಸೋಂಕು ಒಳಗೇ ಬೆಳೆಯಬಹುದು. ಸಿಸ್‌ಪ್ಲಾಟಿನ್ ಎಂಬ ಕಿಮೊಥೆರಪಿ ಔಷಧ ಪಡೆಯುವವರು ಕಿವಿಯಲ್ಲಿ ಗುಂಯ್‌ಗುಡುವಿಕೆ, ಬೆರಳುಗಳಲ್ಲಿ ಜೋಮು, ಮೂತ್ರ ಕಡಿಮೆಯಾಗುವುದು ಇವನ್ನೂ ಹೇಳಬೇಕು.

ಒಸಿಮರ್ಟಿನಿಬ್‌ನಂಥ ಟಾರ್ಗೆಟೆಡ್ (ಜೀನ್ ಬದಲಾವಣೆಯನ್ನೇ ಗುರಿಯಾಗಿಸುವ) ಔಷಧಗಳು ಮಾತ್ರೆಯ ರೂಪದಲ್ಲಿರುತ್ತವೆ ಎಂಬ ಕಾರಣಕ್ಕೆ ಅವನ್ನು ಹಗುರವಾಗಿ ಕಾಣಬಾರದು. ಮೊಡವೆಯಂಥ ಗುಳ್ಳೆ, ಉಗುರಿನ ಅಂಚಿನ ಊತ, ಭೇದಿ ಸಾಮಾನ್ಯ. ಇವಕ್ಕೆ ಪರಿಹಾರವಿದೆ, ತಾವೇ ಮಾತ್ರೆ ನಿಲ್ಲಿಸುವುದು ಬೇಡ. ಆದರೆ ಹೊಸದಾಗಿ ಏದುಸಿರು ಶುರುವಾದರೆ ಅದೇ ದಿನ ವೈದ್ಯರನ್ನು ಸಂಪರ್ಕಿಸಿ.

ಪೆಂಬ್ರೊಲಿಜುಮಾಬ್‌ನಂಥ ಇಮ್ಯುನೊಥೆರಪಿ (ಕ್ಯಾನ್ಸರ್ ವಿರುದ್ಧ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುವ) ಔಷಧಗಳಲ್ಲಿ ಭೇದಿಯ ಅರ್ಥವೇ ಬೇರೆ: ಎಚ್ಚೆತ್ತ ರೋಗನಿರೋಧಕ ವ್ಯವಸ್ಥೆ ಸ್ವಂತ ಕರುಳಿನ ಮೇಲೆಯೇ ತಿರುಗಿಬಿದ್ದಿರಬಹುದು. ಶ್ವಾಸಕೋಶ, ಯಕೃತ್ತು, ಥೈರಾಯ್ಡ್ ಕೂಡ ಹೀಗೆ ಉರಿಯೂತಕ್ಕೆ ಒಳಗಾಗಬಹುದು. ಇದಕ್ಕೆ ಬಹಳಷ್ಟು ಸಲ ಸ್ಟೀರಾಯ್ಡ್ ಬೇಕಾಗುತ್ತದೆ. ಔಷಧದಂಗಡಿಯ ಭೇದಿ ನಿಲ್ಲಿಸುವ ಮಾತ್ರೆ ನಂಬಿ ಕೂರುವಂತಿಲ್ಲ. ಔಷಧ ನಿಲ್ಲಿಸಿದ ಎಷ್ಟೋ ತಿಂಗಳ ನಂತರವೂ ಹೀಗಾಗುವ ಸಾಧ್ಯತೆ ಇರುವುದರಿಂದ, ಪಡೆದ ಔಷಧದ ಹೆಸರು ಮತ್ತು ಕೊನೆಯ ದಿನಾಂಕವನ್ನು ಬರೆದಿಟ್ಟ ಚೀಟಿಯನ್ನು, ಯಾವುದೇ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ಮೊದಲು ತೋರಿಸಿ.