ಮೈಸೂರು ಅರಸರ ವಂಶವೃಕ್ಷ ತಪ್ಪಿಲ್ಲದೆ ಬರೆಯುವುದು ಹೇಗೆ?

ದಸರಾ ಹತ್ತಿರ ಬಂದರೆ ಶಾಲೆಯ ಪ್ರಾಜೆಕ್ಟ್‌ಗೆಂದೋ ಕ್ವಿಜ್‌ಗೆಂದೋ ಮೈಸೂರು ಅರಸರ ವಂಶವೃಕ್ಷ ಬರೆಯಲು ಕೂರುವವರು ಬಹಳ. ಅಂಥ ಹಾಳೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ತಪ್ಪು: ಮೇಲಿನಿಂದ ಕೆಳಕ್ಕೆ ಒಂದೇ ಗೆರೆ, ಅಪ್ಪನ ಕೆಳಗೆ ಮಗ. ಪಟ್ಟ ಹಾಗೆ ಇಳಿದು ಬಂದಿಲ್ಲ. 1799ರಿಂದ ಈಚೆಗೇ ಎರಡು ದತ್ತು ನಡೆದಿವೆ. ಒಮ್ಮೆ ದೊಡ್ಡಪ್ಪನಿಂದ ತಮ್ಮನ ಮಗನಿಗೆ ಪಟ್ಟ ಹೋಗಿದೆ. ಇವನ್ನೆಲ್ಲ ಸರಿಯಾಗಿ ತೋರಿಸುವ ಕ್ರಮ ಇಲ್ಲಿದೆ.

ಹಾಳೆ ಮತ್ತು ಗೆರೆ

ಎ3 ಅಳತೆಯ ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಹುಟ್ಟಿನ ಸಂಬಂಧಕ್ಕೆ ಒಂಟಿ ಗೆರೆ, ದತ್ತಿಗೆ ಜೋಡಿ ಗೆರೆ, ಪಟ್ಟ ಹೋದ ದಾರಿಗೆ ಕೆಂಪು ಬಾಣ. ಮೊದಲು ಪೆನ್ಸಿಲ್‌ನಲ್ಲೇ ಬರೆಯಿರಿ. ಬಲಗಡೆ ಮೂರನೇ ಒಂದು ಭಾಗವನ್ನು ಹೆಣ್ಣುಮಕ್ಕಳ ಸಾಲಿಗೆ ಖಾಲಿ ಬಿಡಿ. ಆ ಜಾಗ ಬಿಡದವರ ವೃಕ್ಷ 1865ಕ್ಕೆ ಬರುತ್ತಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಮನೆತನದ ಮೂಲಪುರುಷ ಯದುರಾಯರ 1399ರಿಂದ ಶುರುಮಾಡುವ ಆಸೆ ಬೇಡ. ಖಾಸಾ ಚಾಮರಾಜರನ್ನು ತುದಿಯಲ್ಲಿಟ್ಟು, ಅವರ ಮಗ ಮುಮ್ಮಡಿ ಕೃಷ್ಣರಾಜರಿಂದ ಕೆಳಗೆ ಬನ್ನಿ. ಒಟ್ಟು ಎಂಟು ಗಂಡಸರ ಹೆಸರು ಬರುತ್ತದೆ. ಇದು ಗಟ್ಟಿಯಾದ ಮೇಲೆ ಹಿಂದಕ್ಕೆ ಹೋಗಬಹುದು.

ಹೆಸರನ್ನು ಬಿಡಿಸಿ ಓದುವುದು

ಶಾಸನ, ಸನ್ನದುಗಳಲ್ಲಿ ರಾಜಾಧಿರಾಜ, ಪ್ರೌಢಪ್ರತಾಪ, ಬಿರುದೆಂತೆಂಬರ ಗಂಡ ಎಂದು ಬಿರುದುಗಳು ಸಾಲುಗಟ್ಟಿ ಬಂದು, ಹೆಸರು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಹಾಗಾಗಿ ಕೊನೆಯಿಂದ ಓದಿ. ಅತಿ ಕೊನೆಯದು ‘ಒಡೆಯರ್’, ಅದರ ಹಿಂದಿನದು ಅಂಕಿತನಾಮ, ಅದಕ್ಕೂ ಹಿಂದಿನವು ಬಿರುದು. ಇಂಗ್ಲಿಷ್ ಕಾಗದಗಳಲ್ಲಿ ವಾಡಿಯಾರ್, ವೊಡೆಯಾರ್ ಎಂದು ಬಗೆಬಗೆಯಾಗಿ ಕಂಡರೂ ಎಲ್ಲವೂ ಇದೇ ‘ಒಡೆಯರ್’. ನಾಲ್ವಡಿಯವರ ಹೆಸರಿನ ಮುಂದಿರುವ ಜಿ.ಸಿ.ಎಸ್.ಐ., ಜಿ.ಬಿ.ಇ. ಬ್ರಿಟಿಷರು ಕೊಟ್ಟ ಗೌರವಗಳು. ವಂಶದ ಹೆಸರಿಗೂ ಅವಕ್ಕೂ ಸಂಬಂಧವಿಲ್ಲ.

ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂಬುದು ತಲೆಮಾರಿನ ಲೆಕ್ಕವಲ್ಲ. ಕೃಷ್ಣರಾಜ ಎಂಬ ಹೆಸರಿನವರಲ್ಲಿ ಎಷ್ಟನೆಯವರು ಎಂಬ ಲೆಕ್ಕ ಮಾತ್ರ. ಮುಮ್ಮಡಿಯವರ ಮಗ ನಾಲ್ವಡಿ ಎಂದು ಬರೆಯುವ ತಪ್ಪು ಹುಟ್ಟುವುದು ಇಲ್ಲೇ. ಚಾಮರಾಜರ ವಿಷಯದಲ್ಲಂತೂ ಸಂಖ್ಯೆಯನ್ನೇ ನಂಬಬೇಡಿ: ಒಂದು ಪುಸ್ತಕದಲ್ಲಿ ಒಂಬತ್ತನೆಯವರಾದವರು ಇನ್ನೊಂದರಲ್ಲಿ ಹತ್ತನೆಯವರು. ಸಂಖ್ಯೆಯ ಬದಲು ಇಸವಿ ಬರೆಯಿರಿ.

ರಾಣಿಯರಿಗೆ ಎರಡೆರಡು ಹೆಸರು. ಮುಮ್ಮಡಿಯವರ ನಂತರ ಪಟ್ಟಕ್ಕೆ ಬಂದ ಚಾಮರಾಜೇಂದ್ರರ ಪತ್ನಿ ಕೆಂಪನಂಜಮ್ಮಣ್ಣಿಯವರೇ ವಾಣಿವಿಲಾಸ ಸನ್ನಿಧಾನ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ನೆನಪಿಸುವುದು ಇವರನ್ನೇ. ಎರಡು ಹೆಸರು ಕಂಡು ಇಬ್ಬರು ರಾಣಿಯರನ್ನು ಬರೆದುಬಿಡಬೇಡಿ.

ಅರಸು ಒಡೆಯರ್ ಆಗುವುದು

ರಾಜಮನೆತನ ಅರಸು ಸಮುದಾಯಕ್ಕೆ ಸೇರಿದ್ದು. ಅರಮನೆಯ ಹೆಣ್ಣುಮಗಳು ಅರಸು ಮನೆಗೆ ಸೊಸೆಯಾಗಿ ಹೋದರೆ ಅವಳ ಮಕ್ಕಳ ಹೆಸರಿನ ಕೊನೆಗೆ ‘ಅರಸ್’ ಬರುತ್ತದೆ, ‘ಒಡೆಯರ್’ ಅಲ್ಲ. ಆ ಮನೆಯ ಹುಡುಗ ಅರಮನೆಗೆ ದತ್ತು ಬಂದಾಗ ಹೆಸರು, ಗೋತ್ರ ಎರಡೂ ಬದಲಾಗುತ್ತವೆ. ಶಾಸನಗಳು ಹೇಳುವ ಆತ್ರೇಯ ಗೋತ್ರಕ್ಕೆ ಆತ ಸೇರುತ್ತಾನೆ.

ಮುಮ್ಮಡಿಯವರು 1865ರಲ್ಲಿ ದತ್ತು ತೆಗೆದುಕೊಂಡದ್ದು ಮಗಳ ಮಗನನ್ನು. 1863ರಲ್ಲಿ ಹುಟ್ಟಿದ ಆ ಮಗುವೇ ಚಾಮರಾಜೇಂದ್ರ. ಬ್ರಿಟಿಷ್ ಸರ್ಕಾರ ಈ ದತ್ತನ್ನು ಒಪ್ಪಿದ್ದು 1867ರಲ್ಲಿ. ಹಾಳೆಯಲ್ಲಿ ಮುಮ್ಮಡಿಯವರಿಂದ ಬಲಗಡೆಗೆ ಒಂಟಿ ಗೆರೆ ಎಳೆದು ಮಗಳು, ಅವಳ ಕೆಳಗೆ ಮೊಮ್ಮಗ. ಅಲ್ಲಿಂದ ಮತ್ತೆ ಮುಮ್ಮಡಿಯವರಿಗೇ ಜೋಡಿ ಗೆರೆ. ಹೀಗೆ ಬರೆದರೆ ಚಾಮರಾಜೇಂದ್ರರ ಮಗ ನಾಲ್ವಡಿಯವರು ದತ್ತಿನ ಲೆಕ್ಕದಲ್ಲಿ ಮುಮ್ಮಡಿಯವರ ಮೊಮ್ಮಗ, ಹುಟ್ಟಿನ ಲೆಕ್ಕದಲ್ಲಿ ಮರಿಮಗ ಎಂಬುದು ತಾನಾಗಿ ಕಾಣುತ್ತದೆ. ಎರಡೂ ನಿಜ.

ಎರಡನೆಯ ದತ್ತು 2015ರದು. ಜಯಚಾಮರಾಜ ಒಡೆಯರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರ ಡಿಸೆಂಬರ್ 10ರಂದು ತೀರಿಕೊಂಡ ಮೇಲೆ ಅವರ ಪತ್ನಿ ಪ್ರಮೋದಾದೇವಿ ಒಡೆಯರ್ ಅವರು ಯದುವೀರ್ ಗೋಪಾಲರಾಜ್ ಅರಸ್ ಅವರನ್ನು ದತ್ತು ಪಡೆದರು. ಯದುವೀರರು ಜಯಚಾಮರಾಜ ಒಡೆಯರ ಹಿರಿಯ ಮಗಳು ಗಾಯತ್ರಿದೇವಿಯವರ ಮೊಮ್ಮಗ; ಅಂದರೆ ಹುಟ್ಟಿನಿಂದ ಜಯಚಾಮರಾಜರ ಮರಿಮಗ, ದತ್ತಿನಿಂದ ಮೊಮ್ಮಗ. ಗೆರೆಗಳು ಮೊದಲ ದತ್ತಿನಂತೆಯೇ, ಆದರೆ ಹೆಣ್ಣುಮಕ್ಕಳ ಸಾಲು ಒಂದು ತಲೆಮಾರು ಉದ್ದ.

ತಾತನ ಹೆಸರಿನ ಪರೀಕ್ಷೆ

ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ರೂಢಿ ಅರಮನೆಯಲ್ಲೂ ಉಂಟು. ಹಾಳೆ ಮುಗಿದ ಮೇಲೆ ಒಂದು ತಲೆಮಾರು ಬಿಟ್ಟು ಒಂದು ಓದಿ ನೋಡಿ. ಖಾಸಾ ಚಾಮರಾಜ, ಅವರ ಮೊಮ್ಮಗ ಚಾಮರಾಜೇಂದ್ರ, ಅವರ ಮೊಮ್ಮಗ ಜಯಚಾಮರಾಜ, ಅವರ ಮೊಮ್ಮಗ ಯದುವೀರ ಕೃಷ್ಣದತ್ತ ಚಾಮರಾಜ. ಇನ್ನೊಂದು ಎಳೆಯಲ್ಲಿ ಮುಮ್ಮಡಿ ಕೃಷ್ಣರಾಜರ ಮೊಮ್ಮಗ ನಾಲ್ವಡಿ ಕೃಷ್ಣರಾಜ. ಕಂಠೀರವ ನರಸಿಂಹರಾಜರ ಮೊಮ್ಮಗ ಶ್ರೀಕಂಠದತ್ತ ನರಸಿಂಹರಾಜ. ಹೆಸರುಗಳು ಇಷ್ಟು ಚೆಂದವಾಗಿ ಕೂರುವುದು ದತ್ತಿನ ಗೆರೆ ಹಿಡಿದು ಎಣಿಸಿದರೆ ಮಾತ್ರ. ಹುಟ್ಟಿನ ಗೆರೆ ಹಿಡಿದರೆ ತಪ್ಪಿಹೋಗುತ್ತದೆ. ಮನೆತನ ತನ್ನನ್ನು ತಾನು ಹೇಗೆ ಎಣಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕೆಂಪು ಬಾಣ

ಬಾಣ ಎಳೆಯುವಾಗ ಎಡವುವುದು 1940ರಲ್ಲಿ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ತಮ್ಮ ಕಂಠೀರವ ನರಸಿಂಹರಾಜರು ಯುವರಾಜರಾಗಿದ್ದರು. ಆದರೆ ಅವರು ಮಾರ್ಚ್‌ನಲ್ಲೇ ತೀರಿಕೊಂಡರು, ನಾಲ್ವಡಿಯವರು ಆಗಸ್ಟ್ 3ರಂದು. ಹೀಗಾಗಿ ಬಾಣ ಯುವರಾಜರನ್ನು ಮುಟ್ಟದೆ ನೇರವಾಗಿ ಅವರ ಮಗ ಜಯಚಾಮರಾಜರಿಗೆ ಹೋಗಬೇಕು. ಯುವರಾಜರನ್ನು ಮಹಾರಾಜರ ಪಟ್ಟಿಗೆ ಸೇರಿಸಿದರೆ ತಪ್ಪು.

ಪ್ರತಿ ಹೆಸರಿನ ಕೆಳಗೆ ಪಟ್ಟವಾದ ಇಸವಿ, ಆಡಳಿತ ಕೈಯಲ್ಲಿದ್ದ ಅವಧಿ ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ. ಮುಮ್ಮಡಿಯವರು ಐದು ತುಂಬುವ ಮೊದಲೇ 1799ರಲ್ಲಿ ಪಟ್ಟಕ್ಕೆ ಬಂದು 1868ರವರೆಗೆ ಅರಸರಾಗಿದ್ದರೂ 1831ರಲ್ಲಿ ಆಡಳಿತವನ್ನು ಬ್ರಿಟಿಷರು ತೆಗೆದುಕೊಂಡರು. ಅದು ಮರಳಿ ಸಿಕ್ಕಿದ್ದು 1881ರಲ್ಲಿ, ಚಾಮರಾಜೇಂದ್ರರಿಗೆ. ನಾಲ್ವಡಿಯವರು ಬಾಲಕರಾಗಿದ್ದಾಗ ರಾಜಪ್ರತಿನಿಧಿಯಾಗಿ 1902ರವರೆಗೆ ರಾಜ್ಯ ನಡೆಸಿದವರು ತಾಯಿ ವಾಣಿವಿಲಾಸ ಸನ್ನಿಧಾನ. ಅವರ ಹೆಸರು ಆ ಜಾಗದಲ್ಲಿ ಇರಲೇಬೇಕು.

ಜಯಚಾಮರಾಜರ ಕೆಳಗೆ ಮೂರು ಪದವಿ: 1940ರಿಂದ ಮಹಾರಾಜ, 1950ರ ಜನವರಿ 26ರಿಂದ ರಾಜಪ್ರಮುಖ (ರಾಜ್ಯಪಾಲರಿಗೆ ಸಮನಾದ ಪದವಿ), 1956ರ ನವೆಂಬರ್‌ನಿಂದ ರಾಜ್ಯಪಾಲ. 1971ರ 26ನೇ ತಿದ್ದುಪಡಿ ಮಾಜಿ ಅರಸರಿಗೆ ಸಂವಿಧಾನ ಕೊಟ್ಟಿದ್ದ ಮನ್ನಣೆಯನ್ನೂ ರಾಜಧನವನ್ನೂ (ಸರ್ಕಾರ ಅವರಿಗೆ ಕೊಡುತ್ತಿದ್ದ ವಾರ್ಷಿಕ ಹಣ) ರದ್ದುಮಾಡಿತು. ಜಯಚಾಮರಾಜರು 1974ರಲ್ಲಿ ತೀರಿಕೊಂಡಾಗ ಶ್ರೀಕಂಠದತ್ತರಿಗೆ ಬಂದದ್ದು ಮನೆತನದ ಯಜಮಾನಿಕೆ. 2015ರ ಮೇ 28ರಂದು ಅರಮನೆಯಲ್ಲಿ ನಡೆದ ಯದುವೀರರ ಪಟ್ಟಾಭಿಷೇಕವೂ ಮನೆತನದ ಖಾಸಗಿ ಸಂಪ್ರದಾಯವೇ. ಹಾಗಾಗಿ 1971ರ ಬಳಿ ಒಂದು ಅಡ್ಡಗೆರೆ ಹಾಕಿ, ಅದರ ಕೆಳಗಿನ ಬಾಣಗಳನ್ನು ಚುಕ್ಕಿಚುಕ್ಕಿಯಾಗಿ ಎಳೆಯಿರಿ.